ನೋವಿದೆಯಾ ಅಂತ ಕೇಳಿದ್ದು ಅವಳನ್ನು

ಈ ವಾರ ಒಬ್ಬ ಅಪ್ಪ ವೇಟ್‌ಲಿಫ್ಟಿಂಗ್ ಕಲಿಸಿ ಅಂತ ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಹುಡುಗಿ ಕಬಡ್ಡಿ ಆಡಿದವಳು, ಗಟ್ಟಿ ಆಳು. 80 ಕೆಜಿ ಡೆಡ್‌ಲಿಫ್ಟ್ ಮಾಡಿದ, ಅಂದರೆ ಭಾರದ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತ ವಿಡಿಯೊ ಅಪ್ಪನ ಮೊಬೈಲಿನಲ್ಲೇ ಇತ್ತು. "ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಥರ ಆಗ್ಬೇಕು ಸರ್" ಎಂದರು.

ನಾನು ಅವಳ ಕೈಗೆ ಪಿವಿಸಿ ಪೈಪು ಕೊಟ್ಟೆ. ತಲೆಯ ಮೇಲೆ ಅಗಲಕ್ಕೆ ಹಿಡಿದು ಪೂರ್ತಿ ಕೆಳಗೆ ಕೂತ್ಕೋ ಅಂದೆ. ಅಪ್ಪನ ಮುಖ ಸಪ್ಪಗಾಯಿತು.

ಡೆಡ್‌ಲಿಫ್ಟ್‌ಗೆ ಬೇಕಾದ ಬಲವೇ ಬೇರೆ. ಸ್ನ್ಯಾಚ್ ಅಂದರೆ ಬಾರನ್ನು ನೆಲದಿಂದ ಒಂದೇ ಬಾರಿಗೆ ತಲೆಯ ಮೇಲಕ್ಕೆ ಎತ್ತುವುದು. ಅದರಲ್ಲಿ ಬಾರ್ ಮೇಲೆ ಹೋಗುವಾಗ ನಾವು ಅದರ ಕೆಳಗೆ ನುಗ್ಗಿ ಕೂರಬೇಕು. ಪಾದದ ಗಂಟು ಬಗ್ಗದಿದ್ದರೆ ಹಿಮ್ಮಡಿ ಏಳುತ್ತದೆ, ಎದೆ ಮುಂದಕ್ಕೆ ಬಾಗುತ್ತದೆ, ಭಾರವೆಲ್ಲ ಸೊಂಟ, ಭುಜದ ಮೇಲೆ.

ಅವಳ ಬಲ ಹಿಮ್ಮಡಿ ಎದ್ದಿತು. ಹೆಬ್ಬೆರಳನ್ನು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸು ಅಂದೆ. ಎಡಗಾಲು ಸಲೀಸಾಗಿ ತಾಗಿತು. ಬಲಗಾಲು ಎಷ್ಟು ಒತ್ತಿದರೂ ಆಗಲಿಲ್ಲ.

"ಇಲ್ಲಿ ನೋವಿದೆಯಾ ಪುಟ್ಟಾ?"

ಅವಳು ಅಪ್ಪನ ಮುಖ ನೋಡಿದಳು. ಉತ್ತರ ಕೊಟ್ಟಿದ್ದು ಅಪ್ಪ: "ಹೋದ ವರ್ಷ ಉಳುಕಿತ್ತು ಅಷ್ಟೇ ಸರ್, ಈಗ ಏನಿಲ್ಲ."

ಆ ನೋಟ ನನ್ನ ತಲೆಯಿಂದ ಹೋಗುತ್ತಿಲ್ಲ. ಕಾಲು ಅವಳದು, ಕೇಳಿದ್ದು ಅವಳನ್ನು. ಅಪ್ಪ ಕೆಟ್ಟವರಲ್ಲ. ದಿನದ ಕೆಲಸ ಬಿಟ್ಟು ಬಸ್ಸಿನಲ್ಲಿ ಬಂದಿದ್ದಾರೆ. ಹೆಣ್ಣುಮಗಳನ್ನು ಈ ಆಟಕ್ಕೆ ಹಾಕಲು ಧೈರ್ಯ ಬೇಕು, ಅದಕ್ಕೆ ನನಗೆ ಗೌರವವಿದೆ. ಆದರೆ ಅವಸರ ಜಾಸ್ತಿ. ಗುರುರಾಜ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಉಜಿರೆಯ ಕಾಲೇಜಿನಲ್ಲಿ ಬೆವರು ಹರಿಸಿದ ವರ್ಷಗಳನ್ನು ಯಾರು ನೆನೆಯುತ್ತಾರೆ?

ಗಂಟು, ಭುಜ, ಸೊಂಟ ಎಲ್ಲ ನೋಡಬಹುದು, ತಿದ್ದಬಹುದು. ತನ್ನ ಮೈಯ ನೋವನ್ನು ತಾನೇ ಹೇಳಲು ಬಾರದ ಮಗುವನ್ನು ಮಾತ್ರ ನಾನು ಬಾರ್ ಕೆಳಗೆ ನಿಲ್ಲಿಸಲಾರೆ. ಮನೆಯಲ್ಲಿ ನಾವೇ ಅಲ್ವಾ ಕಲಿಸುವುದು? ಡಾಕ್ಟರು ಕೇಳಿದರೆ ಅಮ್ಮ ಹೇಳುತ್ತಾಳೆ. ಮೇಷ್ಟ್ರು ಕೇಳಿದರೆ ಅಪ್ಪ ಹೇಳುತ್ತಾನೆ. ಹದಿನಾರು ವರ್ಷ ಹೀಗೆ ಬೆಳೆದವಳು ಭಾರದ ಕೆಳಗೆ ಇದ್ದಕ್ಕಿದ್ದಂತೆ "ಸಾಕು ಸರ್" ಅನ್ನಬೇಕು ಅಂದರೆ ಹೇಗೆ?

ಅಪ್ಪನನ್ನು ಟೀ ಕುಡಿದು ಬನ್ನಿ ಅಂತ ಕಳಿಸಿ ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೆಟ್ಟಿಲು ಇಳಿಯುವಾಗ ಹಿಡಿಯುತ್ತೆ ಸರ್."

ಮೊದಲು ಫಿಸಿಯೊಗೆ ತೋರಿಸಿ ಅಂತ ಅಪ್ಪನಿಗೆ ಬರೆದುಕೊಟ್ಟಿದ್ದೇನೆ. ಅಲ್ಲಿ ಉತ್ತರ ಅವಳೇ ಹೇಳಲಿ, ನೀವು ಹೊರಗೆ ಕೂತಿರಿ ಎಂದೂ ಹೇಳಿದ್ದೇನೆ. ಗಂಟು ಬಗ್ಗುವವರೆಗೆ ಪೈಪು, ಆಮೇಲೆ ಹೆಂಗಸರ 15 ಕೆಜಿ ಬಾರ್. ಅಪ್ಪ ಒಪ್ಪಿದ್ದಾರೆ, ಅರೆಮನಸ್ಸಿನಿಂದ.