ಮುಖ ಯಾವಾಗ ಬಿಡಿಸುತ್ತೀರಿ?

ನನ್ನ ರೇಖಾಚಿತ್ರಗಳನ್ನು ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: ಕಣ್ಣು, ಬಾಯಿ ಇಲ್ಲದ ಮೇಲೆ ಭಾವನೆ ತಿಳಿಯುವುದು ಹೇಗೆ? ಮುಖ ಖಾಲಿ ಇರುವುದು ಬೇಕೆಂದೇ. ಅದನ್ನು ಮುಂದೆಯೂ ತುಂಬುವುದಿಲ್ಲ.

ಶಿರಸಿಯ ಪ್ರದರ್ಶನವೊಂದರಲ್ಲಿ ಹಿರಿಯರೊಬ್ಬರು, ಮೊಣಕಾಲು ತಬ್ಬಿ ಕುಳಿತ ಹೆಂಗಸಿನ ಚಿತ್ರದೆದುರು ಬಹಳ ಹೊತ್ತು ನಿಂತು, "ಪಾಪ, ಯಾರನ್ನೋ ಕಳಕೊಂಡಿದ್ದಾಳೆ" ಎಂದರು. ಆಮೇಲೆ ನನ್ನತ್ತ ತಿರುಗಿ, "ಅಲ್ಲ ತಂಗಿ, ಮುಖ ಬರೀದಿದ್ರೆ ಅವಳ ದುಃಖ ನಮಗೆ ಗೊತ್ತಾಗೋದು ಹ್ಯಾಂಗೆ?" ಎಂದು ಕೇಳಿದರು. ಗೊತ್ತಾಗಿತ್ತಲ್ಲ! ಯಕ್ಷಗಾನ ನೋಡುತ್ತ ಬೆಳೆದ ಜಿಲ್ಲೆಯವರು ಹೀಗೆ ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಬಯಲಾಟದ ಕೊನೆಯ ಸಾಲಿನಲ್ಲಿ ಕುಳಿತವನಿಗೆ ವೇಷಧಾರಿಯ ಕಣ್ಣು ಕಾಣಿಸದು. ಆದರೂ ಗದಾಯುದ್ಧದ ಕೌರವ ರಂಗಕ್ಕೆ ಬಂದು ನಿಂತ ಭಂಗಿಯಲ್ಲೇ ಅವನ ಸೋಲೂ ಛಲವೂ ಆ ಪ್ರೇಕ್ಷಕನಿಗೆ ತಿಳಿಯುತ್ತವೆ.

ಈ ದೇಹದ ಭಾರ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಉತ್ತರಿಸುತ್ತಿದ್ದೆ. ಭಾರವೆಲ್ಲ ಒಂದೇ ಕಾಲಿಗೆ ಬಿದ್ದಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ, ನಡುವೆ ಬೆನ್ನು ಬಾಗುತ್ತದೆ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಮೀನೆಲ್ಲ ಮಾರಿ ಮುಗಿಸಿದ ಹೆಂಗಸು ಹೀಗೆ ನಿಂತಿರುತ್ತಾಳೆ. ಬುಟ್ಟಿಯ ಅಂಚಿಗೆ ಎರಡು ಬೆರಳು ಸುಮ್ಮನೆ ಸಿಕ್ಕಿಸಿಕೊಂಡಿರುತ್ತಾಳೆ. ಪಕ್ಕದಲ್ಲಿ ಮೀನು ಉಳಿದುಹೋದವಳ ಎರಡೂ ಪಾದ ನೆಲಕ್ಕೆ ಒತ್ತಿರುತ್ತವೆ, ಭುಜ ಕಿವಿಯತ್ತ ಸರಿದಿರುತ್ತದೆ, ಕುತ್ತಿಗೆ ದಾರಿಹೋಕರತ್ತ ಚಾಚಿರುತ್ತದೆ. ಇಬ್ಬರನ್ನೂ ಹಿಂದಿನಿಂದ ಬರೆದರೂ ಯಾರ ಮನಸ್ಸು ಹಗುರಾಗಿದೆ ಎಂಬುದರಲ್ಲಿ ಸಂಶಯ ಬರುವುದಿಲ್ಲ.

ಜರ್ಮನಿಯ ಕಲಾವಿದೆ ಕೇಥೆ ಕೋಲ್‌ವಿಟ್ಸ್ ಅವರ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಯುದ್ಧಭೂಮಿಯಲ್ಲಿ ಸತ್ತ. ಅವನಿಗಾಗಿ ಆಕೆ ರೂಪಿಸಿದ ತಂದೆತಾಯಿಯರ ಶಿಲ್ಪಗಳು ಅಲ್ಲಿನ ಸೈನಿಕರ ಸ್ಮಶಾನಕ್ಕೆ ಬಂದದ್ದು 1932ರಲ್ಲಿ. ಇಬ್ಬರೂ ಮಂಡಿಯೂರಿದ್ದಾರೆ, ಆದರೆ ತಾಯಿ ಪೂರಾ ಮುಂದಕ್ಕೆ ಬಾಗಿದ್ದಾಳೆ, ತಂದೆ ನೆಟ್ಟಗಿದ್ದು ತನ್ನ ತೋಳುಗಳಿಂದ ತನ್ನನ್ನೇ ಬಿಗಿಯಾಗಿ ಕಟ್ಟಿಕೊಂಡಿದ್ದಾನೆ. ಮಗ ಒಬ್ಬನೇ, ಶೋಕವೂ ಒಂದೇ. ಅದನ್ನು ಹೊರುವ ಬಗೆ ಮಾತ್ರ ಎರಡು, ಮತ್ತು ಆ ವ್ಯತ್ಯಾಸ ಇರುವುದು ಬೆನ್ನಿನಲ್ಲಿ, ತೋಳಿನಲ್ಲಿ.

ಆದ್ದರಿಂದ ನಾನು ಇದ್ದಿಲು ಹಿಡಿದಾಗ ಮೊದಲು ಎಳೆಯುವುದು ಕುತ್ತಿಗೆಯಿಂದ ಭಾರ ಹೊತ್ತ ಪಾದದವರೆಗಿನ ಗೆರೆಯನ್ನು. ಅದು ತಪ್ಪಿದರೆ, ಮೇಲೆ ಎಷ್ಟು ಚೆಂದದ ಕಣ್ಣೀರು ಬರೆದರೂ ದೇಹ ಅಳುವುದಿಲ್ಲ. ಅಂಥ ಹಾಳೆಯನ್ನು ನಾನು ಪ್ರದರ್ಶನಕ್ಕೆ ಇಡುವುದಿಲ್ಲ.