ಕವರ್ ಇಲ್ಲ ಅಂತ ಹೇಳುವವರ ಕಡೆಯಿಂದ

ನಮ್ಮ ಸೂಪರ್‌ಮಾರ್ಕೆಟ್‌ನಲ್ಲಿ ಪ್ಲಾಸ್ಟಿಕ್ ಕವರ್ ನಿಲ್ಲಿಸಿದ ಮೊದಲ ಶನಿವಾರ ನಾನು ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೆ. ಸಂಜೆ ಏಳರ ಹೊತ್ತು. ಸಾಲು ಬಾಗಿಲ ತನಕ ಬೆಳೆದಿತ್ತು. ಒಬ್ಬರು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದರು. ಸಾಮಾನೆಲ್ಲ ಸ್ಕ್ಯಾನ್ ಆಯಿತು, ದುಡ್ಡೂ ಕೊಟ್ಟರು. ಆಮೇಲೆ "ಒಂದು ಕವರ್ ಕೊಡಪ್ಪ" ಅಂದರು. "ಇವತ್ತಿಂದ ಕವರ್ ಇಲ್ಲ ಮೇಡಂ" ಅಂದೆ.

ಅವರು ರೇಗಲಿಲ್ಲ. ಕೌಂಟರ್ ಮೇಲಿದ್ದ ಸಾಮಾನು ನೋಡಿದರು, ಮಗುವನ್ನು ನೋಡಿದರು. "ನಾನು ಮನೆಯಿಂದ ಬಂದಿಲ್ಲಪ್ಪ, ಕೆಲಸ ಮುಗಿಸಿ ನೇರ ಬಂದೆ" ಅಂದರು. ಒಂದು ಕೈಯಲ್ಲಿ ಹಿಡಿಯುವಷ್ಟು ತೆಗೆದುಕೊಂಡು, ಉಳಿದದ್ದನ್ನು ವಾಪಸ್ ಮಾಡಿ ಅಂದರು. ಅದಕ್ಕೆ ಸೂಪರ್‌ವೈಸರ್ ಬರಬೇಕಿತ್ತು. ಅವರು ಬರುವ ತನಕ ಹಿಂದಿದ್ದವರೆಲ್ಲ ಕಾದರು. ಮಗು ಅಳೋಕೆ ಶುರು ಮಾಡಿತು.

ಕವರ್ ನಿಲ್ಲಬೇಕು ಅನ್ನುವುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಚರಂಡಿ ಕಟ್ಟಿಕೊಳ್ಳುವುದು, ದನಗಳ ಹೊಟ್ಟೆ ಸೇರುವುದು, ಸಮುದ್ರಕ್ಕೆ ಹೋಗುವುದು ಎಲ್ಲ ಗೊತ್ತಿರುವ ವಿಷಯ. ಬಾಂಗ್ಲಾದೇಶ 2002ರಲ್ಲೇ ತೆಳು ಕವರ್ ನಿಷೇಧಿಸಿತು. ಪ್ರವಾಹದಲ್ಲಿ ಚರಂಡಿಗಳೆಲ್ಲ ಕವರ್‌ನಿಂದ ಮುಚ್ಚಿಹೋಗಿದ್ದವು ಅನ್ನುವುದು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ಆ ಸಂಜೆ ನಮ್ಮ ನಿಯಮದ ಭಾರವನ್ನೆಲ್ಲ ಒಬ್ಬ ತಾಯಿ ಒಂದೇ ಕೈಯಲ್ಲಿ ಹೊತ್ತರು. ಅಂಗಡಿ ಏನೂ ಹೊರಲಿಲ್ಲ. ಇದು ನನಗೆ ಅರ್ಥವಾಗೋಕೆ ತುಂಬ ದಿನ ಬೇಕಾಯಿತು. ಈಗ ನಾನು ಫ್ಲೋರ್ ನೋಡಿಕೊಳ್ಳುತ್ತೇನೆ. ಹೊಸ ಹುಡುಗರಿಗೆ ಮೊದಲ ದಿನ ಹೇಳುವುದು ಇದೇ ಘಟನೆಯನ್ನು.

ನಿಯಮ ಬರೆಯುವವರ ತಲೆಯಲ್ಲಿ ಒಬ್ಬ ಗಿರಾಕಿ ಇರುತ್ತಾರೆ. ಅವರು ಪಟ್ಟಿ ಬರೆದುಕೊಂಡು ಮನೆಯಿಂದ ಹೊರಡುತ್ತಾರೆ, ಕಾರಿನಲ್ಲಿ ಬರುತ್ತಾರೆ, ಡಿಕ್ಕಿಯಲ್ಲಿ ನಾಲ್ಕು ಚೀಲ ಇಟ್ಟಿರುತ್ತಾರೆ. ಅಂಥವರಿಗೆ ಕವರ್ ಇಲ್ಲದಿದ್ದರೂ ತೊಂದರೆ ಇಲ್ಲ. ಟ್ರಾಲಿ ತಳ್ಳಿಕೊಂಡು ಹೋಗಿ ಸಾಮಾನನ್ನು ಹಾಗೇ ಡಿಕ್ಕಿಗೆ ಸುರಿದುಕೊಳ್ಳುತ್ತಾರೆ. ಬಸ್ಸಿಗೆ ಹೋಗುವವರು, ನಡೆದು ಬಂದವರು, ಕೆಲಸದಿಂದ ನೇರ ಬಂದವರು, ಕೈ ನೋವಿರುವ ವಯಸ್ಸಾದವರು ಇದ್ದಾರಲ್ಲ, ತೊಂದರೆ ಅವರದ್ದು. ಒಂದು ವಾರ ಬಾಗಿಲ ಹತ್ತಿರ ನಿಂತು ನೋಡಿದರೆ ಸಾಕು, ಇದು ಕಣ್ಣಿಗೆ ಕಾಣುತ್ತದೆ.

ನಾವು ಮಾಡಿದ ಮೊದಲ ತಪ್ಪು ಬೋರ್ಡಿನದು. "ಕ್ಯಾರಿ ಬ್ಯಾಗ್ ಕೊಡಲಾಗುವುದಿಲ್ಲ" ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ ಕೌಂಟರ್ ಮೇಲೆ ನೇತುಹಾಕಿದ್ದೆವು. ಗಿರಾಕಿ ಅದನ್ನು ಓದುವ ಹೊತ್ತಿಗೆ ಟ್ರಾಲಿ ತುಂಬಿರುತ್ತದೆ, ಹಿಂದೆ ಹತ್ತು ಜನ ನಿಂತಿರುತ್ತಾರೆ. ಆಗ ಅವರು ಏನು ತಾನೇ ಮಾಡಿಯಾರು? ಒಂದೋ ಜಗಳ, ಇಲ್ಲವೇ ಹೊಸ ಚೀಲ.

ಜಾಸ್ತಿ ಜನ ಹೊಸ ಚೀಲ ಕೊಂಡರು. ಕೌಂಟರ್ ಪಕ್ಕದಲ್ಲೇ ದಪ್ಪ ಪ್ಲಾಸ್ಟಿಕ್ ಚೀಲ ಮಾರಾಟಕ್ಕಿಟ್ಟಿದ್ದೆವು, ಮೇಲೆ "ಮರುಬಳಕೆಗೆ" ಅಂತ ಅಚ್ಚು. ತಿಂಗಳ ಕೊನೆಗೆ ಅದರ ಮಾರಾಟ ನೋಡಿ ಎಲ್ಲರಿಗೂ ಖುಷಿ. ಜನ ಬದಲಾಗುತ್ತಿದ್ದಾರೆ ಅಂದುಕೊಂಡೆವು. ಎರಡನೇ ತಿಂಗಳೂ ಅಷ್ಟೇ ಮಾರಾಟವಾಯಿತು, ಮೂರನೇ ತಿಂಗಳೂ. ಮರುಬಳಕೆ ಆಗುತ್ತಿದ್ದರೆ ಮಾರಾಟ ಇಳಿಯಬೇಕಿತ್ತು, ಅಲ್ವಾ? ಅದೇ ಗಿರಾಕಿಗಳು ಪ್ರತಿ ಸಲ ಹೊಸದೇ ಕೊಳ್ಳುತ್ತಿದ್ದರು. ತೆಳು ಪ್ಲಾಸ್ಟಿಕ್ ಹೋಗಿ ಅದರ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಬಂದಿತ್ತು.

ಇಡೀ ಒಂದು ರಾಜ್ಯವೇ ಹೀಗೆ ಎಡವಿದೆ ಅಂತ ಆಮೇಲೆ ಓದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ 2014ರಲ್ಲಿ ತೆಳು ಕವರ್ ನಿಷೇಧಿಸುವ ಕಾನೂನು ಮಾಡಿತು. 2016ರಲ್ಲಿ ಜನ ವೋಟು ಹಾಕಿ ಅದನ್ನು ಉಳಿಸಿಕೊಂಡರು. ಆದರೆ ಮತ್ತೆ ಬಳಸಬಹುದು ಅನ್ನುವ ಹೆಸರಿನಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ ಮಾರೋಕೆ ಆ ಕಾನೂನಿನಲ್ಲಿ ಅವಕಾಶ ಇತ್ತು. ಜನ ಅದನ್ನೂ ಒಂದೇ ಸಲ ಬಳಸಿ ಬಿಸಾಕಿದರು. ಕೊನೆಗೆ 2024ರಲ್ಲಿ ಇನ್ನೊಂದು ಕಾನೂನು ತಂದು, 2026ರಿಂದ ದಪ್ಪ ಚೀಲವೂ ಬೇಡ ಅಂದರು. ಒಂದು ಸಣ್ಣ ವಿನಾಯಿತಿ ಸರಿ ಮಾಡೋಕೆ ಅಷ್ಟು ವರ್ಷ ಹಿಡಿಯಿತು.

ಹಾಗಾದರೆ ಬಟ್ಟೆ ಚೀಲ? ನಾವು ಅದನ್ನೂ ಮಾಡಿದೆವು. ಒಂದು ಹಬ್ಬದ ಮಾರಾಟದಲ್ಲಿ ಎಲ್ಲರಿಗೂ ಹತ್ತಿ ಚೀಲ ಉಚಿತ. ಕೈ ತುಂಬ ಹಂಚಿದೆವು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿತ್ತು. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಒಂದು ಹತ್ತಿ ಚೀಲ ಒಂದು ಸಾಮಾನ್ಯ ತೆಳು ಕವರ್‌ಗೆ ಸಮ ಆಗಬೇಕಾದರೆ ಅದನ್ನು 131 ಸಲ ಬಳಸಬೇಕು. ಆ ಕವರ್‌ಗಳನ್ನೆಲ್ಲ ಮನೆಯಲ್ಲಿ ಕಸ ತುಂಬೋಕೆ ಬಳಸಿದರೆ 327 ಸಲ. ಕಾಗದದ ಚೀಲಕ್ಕೂ 3 ಸಲ ಬೇಕು, ಮತ್ತೆ ಅದು 3 ಸಲ ತಡೆಯುವುದೇ ಕಷ್ಟ. ಬೀದಿಯಲ್ಲಿ ಬಿದ್ದ ಕಸದ ಹಾನಿ ಈ ಲೆಕ್ಕದಲ್ಲಿ ಬರುವುದಿಲ್ಲ ನಿಜ, ಅದಕ್ಕೇ ಕವರ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಬೀರುವಿನಲ್ಲಿ ಇಪ್ಪತ್ತು ಹತ್ತಿ ಚೀಲ ಮಡಿಚಿಟ್ಟವರಿಗೆ ಇಪ್ಪತ್ತೊಂದನೆಯದನ್ನು ಉಚಿತವಾಗಿ ಕೊಡುವುದು ಪರಿಸರದ ಕೆಲಸ ಅಲ್ಲ. ಈಗ ನಮ್ಮಲ್ಲಿ ಉಚಿತ ಚೀಲ ಹಂಚುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ದಾರಿ ತೋರಿಸಿದ್ದು ನಮ್ಮ ಬಾಗಿಲಲ್ಲಿ ನಿಲ್ಲುವ ಸೆಕ್ಯುರಿಟಿ ಅಣ್ಣ. ಹೊರಗೆ ಹೋಗುವವರ ಬೈಗುಳವೆಲ್ಲ ಕೇಳುತ್ತಿದ್ದವರು ಅವರೇ. ಒಂದು ದಿನ ಅವರಾಗಿಯೇ ಒಳಗೆ ಬರುವ ಎಲ್ಲರನ್ನೂ "ಚೀಲ ತಂದ್ರಾ ಅಮ್ಮ? ಗಾಡಿಯಲ್ಲೇ ಬಿಟ್ರಾ ಸರ್?" ಅಂತ ಕೇಳೋಕೆ ಶುರು ಮಾಡಿದರು. ಎಷ್ಟೋ ಜನ ತಲೆ ಚಚ್ಚಿಕೊಂಡು ವಾಪಸ್ ಗಾಡಿಗೆ ಹೋಗಿ ಚೀಲ ತಂದರು. ಚೀಲ ಅವರ ಹತ್ತಿರ ಇತ್ತು. ನೆನಪು ಮಾತ್ರ ಇರಲಿಲ್ಲ. ಕೌಂಟರ್ ಮೇಲಿನ ಬೋರ್ಡನ್ನು ಅದೇ ವಾರ ಕಿತ್ತು, ಗಾಡಿ ನಿಲ್ಲಿಸುವ ಕಡೆ ಹಾಕಿದೆವು. "ಕೊಡಲಾಗುವುದಿಲ್ಲ" ಅನ್ನುವ ಮಾತು ತೆಗೆದು "ಚೀಲ ಮರೆತಿಲ್ಲ ತಾನೇ?" ಅಂತ ಬರೆಸಿದೆವು.

ಚೀಲವೇ ಇಲ್ಲದೆ ಬಂದವರಿಗೆ ರಟ್ಟಿನ ಡಬ್ಬ. ದಿನಾ ಬೆಳಿಗ್ಗೆ ಸ್ಟಾಕ್ ಬಿಚ್ಚಿದಾಗ ಹತ್ತಾರು ಡಬ್ಬ ಖಾಲಿಯಾಗುತ್ತವೆ. ಅವನ್ನು ಚಪ್ಪಟೆ ಮಾಡಿ ಗುಜರಿಗೆ ಕಳಿಸುತ್ತಿದ್ದೆವು. ಈಗ ಗಟ್ಟಿ ಇರುವುದನ್ನು ಆರಿಸಿ ಕೌಂಟರ್ ಆಚೆ ಒಂದು ರ‍್ಯಾಕ್‌ನಲ್ಲಿ ಇಡುತ್ತೇವೆ. ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಒದ್ದೆ ಡಬ್ಬ ಬೇರೆ ಮಾಡಬೇಕು. ಪಿನ್ ಕೀಳಬೇಕು. ಜಿರಳೆ ಸೇರದ ಹಾಗೆ ರಾತ್ರಿ ಉಳಿದದ್ದನ್ನು ತೆಗೆಯಬೇಕು. ತುರ್ತು ಬಾಗಿಲಿಗೆ ಅಡ್ಡ ಇಡಬಾರದು. ಒಬ್ಬ ಹುಡುಗನ ಅರ್ಧ ಗಂಟೆ ಕೆಲಸ ದಿನಾ ಇದಕ್ಕೇ ಹೋಗುತ್ತದೆ. ಆ ಅರ್ಧ ಗಂಟೆ ಅಂಗಡಿಯದು, ಗಿರಾಕಿಯದಲ್ಲ. ನನಗೆ ಅದರಲ್ಲೇ ಸಮಾಧಾನ. ಎರವಲು ಚೀಲದ ಯೋಜನೆಯನ್ನೂ ಮಾಡಿದ್ದೆವು, ತೆಗೆದುಕೊಂಡು ಹೋಗಿ ಮುಂದಿನ ಸಲ ತನ್ನಿ ಅಂತ. ಅರ್ಧಕ್ಕರ್ಧ ವಾಪಸ್ ಬರಲಿಲ್ಲ, ಬಿಟ್ಟುಬಿಟ್ಟೆವು.

ದುಡ್ಡಿನ ವಿಷಯದಲ್ಲೂ ಒಂದು ಪಾಠ ಇದೆ. ಚೀಲ ತಂದವರಿಗೆ ಬಿಲ್‌ನಲ್ಲಿ ಸ್ವಲ್ಪ ರಿಯಾಯಿತಿ ಕೊಡೋಣ, ಯಾರಿಗೂ ಬೇಜಾರಾಗಲ್ಲ ಅಂತ ಮ್ಯಾನೇಜರ್ ಹೇಳಿದರು. ಕೊಟ್ಟೆವು. ಯಾರೂ ಗಮನಿಸಲೇ ಇಲ್ಲ. ಟಟಿಯಾನಾ ಹೊಮೊನಾಫ್ ಅನ್ನುವ ಅರ್ಥಶಾಸ್ತ್ರಜ್ಞೆ ವಾಷಿಂಗ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಕವರ್‌ಗೆ 5 ಸೆಂಟ್ ಶುಲ್ಕ ಹಾಕಿದಾಗ ಬಳಕೆ ತುಂಬ ಇಳಿಯಿತು. ಸ್ವಂತ ಚೀಲಕ್ಕೆ ಅದೇ 5 ಸೆಂಟ್ ಬಹುಮಾನ ಕೊಟ್ಟಾಗ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಬರುವುದಕ್ಕಿಂತ ಕೈಬಿಟ್ಟು ಹೋಗುವುದು ಮನುಷ್ಯನಿಗೆ ಬೇಗ ಚುಚ್ಚುತ್ತದೆ. ಐರ್ಲೆಂಡ್ 2002ರಲ್ಲಿ ಪ್ರತಿ ಕವರ್‌ಗೆ 15 ಸೆಂಟ್ ಶುಲ್ಕ ಹಾಕಿತು. ವರ್ಷಕ್ಕೆ ಒಬ್ಬರಿಗೆ 328 ಕವರ್ ಇದ್ದದ್ದು 21ಕ್ಕೆ ಇಳಿಯಿತು. ನಿಧಾನಕ್ಕೆ ಬಳಕೆ ಮತ್ತೆ ಏರಿದಾಗ 2007ರಲ್ಲಿ ಶುಲ್ಕವನ್ನು 22 ಸೆಂಟ್ ಮಾಡಿದರು. ಆ ದುಡ್ಡು ಅಂಗಡಿಯ ಜೇಬಿಗೆ ಹೋಗಲಿಲ್ಲ, ಪರಿಸರ ನಿಧಿಗೆ ಹೋಯಿತು. ಇದು ದೊಡ್ಡ ವ್ಯತ್ಯಾಸ. ಚೀಲ ಮಾರಿ ಅಂಗಡಿ ಲಾಭ ಮಾಡಿಕೊಳ್ಳುತ್ತಿದೆ ಅನ್ನುವ ಅನುಮಾನ ಒಂದು ಸಲ ಬಂದರೆ ಮುಗಿಯಿತು. ಆಮೇಲೆ ಪರಿಸರದ ಮಾತು ಏನೇ ಹೇಳಿದರೂ ಗಿರಾಕಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಮಯದ ಲೆಕ್ಕವನ್ನೂ ಮರೆಯಬಾರದು. ರೆಬೆಕ್ಕಾ ಟೇಲರ್ ಅನ್ನುವ ಸಂಶೋಧಕಿ ಕವರ್ ನಿಯಮ ಬಂದ ಮೇಲೆ ಕೌಂಟರ್‌ನಲ್ಲಿ ಆಗುವ ತಡವನ್ನು ಅಳೆದರು. ಸರಾಸರಿ ಶೇಕಡಾ 3ರಷ್ಟು ನಿಧಾನ. ಕಡಿಮೆ ಅನ್ನಿಸುತ್ತದೆ. ಆದರೆ ಶನಿವಾರ ಸಂಜೆಯ ಸಾಲಿನಲ್ಲಿ ಒಬ್ಬೊಬ್ಬರ ಸ್ವಲ್ಪ ಸ್ವಲ್ಪ ತಡ ಸೇರುತ್ತಾ ಹೋಗುತ್ತದೆ. ಅದಕ್ಕೇ ಜನ ಜಾಸ್ತಿ ಇರುವ ಹೊತ್ತಿನಲ್ಲಿ ಒಂದು ಕೌಂಟರ್ ಜಾಸ್ತಿ ತೆರೆಯುವುದೂ ಈ ನಿಯಮದ ಭಾಗ ಅಂತ ನಾನು ಹಟ ಹಿಡಿದೆ. ಸಂಬಳದ ಖರ್ಚು ಅಂದರು. ಹೌದು, ಖರ್ಚೇ.

ಇನ್ನು ಚಿಲ್ಲರ್‌ಗಳ ವಿಷಯ. ನನಗೆ ಅಂಗಡಿಯ ಬಗ್ಗೆ ಕಣ್ಣು ತೆರೆಸಿದ್ದು ಇದು. ಹಾಲು, ಮೊಸರು ಇಡುವ ಉದ್ದನೆಯ ಚಿಲ್ಲರ್‌ಗಳಿಗೆ ಮೊದಲು ಬಾಗಿಲು ಇರಲಿಲ್ಲ. ಮೇಲಿಂದ ಕೆಳಕ್ಕೆ ತಣ್ಣನೆಯ ಗಾಳಿ ಪರದೆಯ ಹಾಗೆ ಬೀಳುತ್ತಿರುತ್ತದೆ, ಅದೇ ಬಾಗಿಲು. ಗಿರಾಕಿ ಕೈ ಹಾಕಿದಾಗಲೆಲ್ಲ ಪರದೆ ಒಡೆಯುತ್ತದೆ. ತಣ್ಣನೆಯ ಗಾಳಿ ಭಾರ, ಕೆಳಗೆ ಸುರಿದು ನಡೆಯುವ ಜಾಗಕ್ಕೆ ಬರುತ್ತದೆ. ಮೆಷಿನ್ ಇಡೀ ದಿನ ಅಂಗಡಿಯ ನೆಲವನ್ನು ತಣ್ಣಗೆ ಮಾಡುತ್ತಾ ಕೂತಿರುತ್ತದೆ. ಬಾಗಿಲು ಹಾಕಿಸಿದರೆ ಕರೆಂಟು ಉಳಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಎಳೆದು ತೆಗೆಯಬೇಕಾದರೆ ಜನ ಕಡಿಮೆ ಕೊಳ್ಳುತ್ತಾರೆ ಅನ್ನುವ ಹೆದರಿಕೆಗೆ ಯಾರೂ ಹಾಕಿಸಿರಲಿಲ್ಲ.

ಹಾಕಿಸಿದ ಮೊದಲ ವಾರ ಗಾಜಿನ ಮೇಲೆ ಮಂಜು ಕೂತು ಒಳಗಿನದು ಕಾಣುತ್ತಿರಲಿಲ್ಲ ಅಂತ ದೂರು ಬಂತು. ಮೆಕ್ಯಾನಿಕ್ ಬಂದು ಸರಿ ಮಾಡಿದರು. ನಿಜವಾದ ತೊಂದರೆ ಬೇರೆ ಇತ್ತು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಊರುಗೋಲು ಇರುವ ಅಜ್ಜ ಬಾಗಿಲು ಹೇಗೆ ಎಳೆಯಬೇಕು? ಒಬ್ಬರು ಹಾಗೆ ನಿಂತಿದ್ದನ್ನು ನಾನೇ ನೋಡಿದೆ. ಪಕ್ಕದಲ್ಲಿ ಬುಟ್ಟಿ ಇಡೋಕೆ ಸೊಂಟದ ಎತ್ತರಕ್ಕೆ ಸಣ್ಣ ಕಟ್ಟೆಯ ಹಾಗೆ ಹಲಗೆ ಹಾಕಿಸಿದೆವು. ಅಷ್ಟೇ ಸಾಕಾಯಿತು. ಆ ಸಾಲಿನಲ್ಲಿ ಮೊದಲಿನ ಹಾಗೆ ಚಳಿ ಆಗಲ್ಲ ಅಂತ ಗಿರಾಕಿಗಳೇ ಹೇಳಿದರು. ಮಾರಾಟ ಇಳಿಯಲಿಲ್ಲ.

ಅದೇ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದರು. ಹಳೇ ಚಿಲ್ಲರ್‌ಗಳಲ್ಲಿ ಆರ್-404ಎ ಅನ್ನುವ ಗ್ಯಾಸ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 3,900 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ಒಂದು ಕಿಲೋ ಸೋರಿದರೆ ಹತ್ತಿರ ಹತ್ತಿರ ನಾಲ್ಕು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ನಮ್ಮಲ್ಲಿ ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತಿದ್ದರು. ತುಂಬಿಸಬೇಕಾಗಿ ಬಂತು ಅಂದರೆ ಎಲ್ಲೋ ಸೋರುತ್ತಿದೆ ಅಂತ ತಾನೇ ಅರ್ಥ? ಆ ಬಿಲ್‌ಗಳು ಫೈಲಿನಲ್ಲಿ ಸುಮ್ನೆ ಬಿದ್ದಿದ್ದವು. ನಾವು ಕೌಂಟರ್‌ನಲ್ಲಿ ಒಂದೊಂದು ಕವರ್‌ಗೂ ತಾಯಂದಿರ ಹತ್ತಿರ ವಾದ ಮಾಡುತ್ತಿದ್ದ ದಿನಗಳಲ್ಲೇ ಹಿಂದಿನ ಕೋಣೆಯಲ್ಲಿ ಇದು ಸೋರುತ್ತಿತ್ತು. ಅದನ್ನು ತಿಳಿದ ದಿನ ನನಗೆ ನಿಜವಾಗಿ ನಾಚಿಕೆಯಾಯಿತು. ಗಿರಾಕಿಯನ್ನು ಏನಾದರೂ ಬಿಡಿ ಅಂತ ಕೇಳೋಕೆ ಮುಖ ಬೇಕು. ಅವರಿಗೆ ಒಂಚೂರೂ ತೊಂದರೆಯಾಗದ ಕೆಲಸಗಳನ್ನು ಅಂಗಡಿ ಮೊದಲು ಮಾಡಿ ಮುಗಿಸಿರಬೇಕು. ಸೋರಿಕೆ ನಿಲ್ಲಿಸುವುದು, ಬಾಗಿಲು ಹಾಕಿಸುವುದು, ರಾತ್ರಿ ದೀಪ ಆರಿಸುವುದು, ಸ್ಟಾಕ್ ಅಳತೆ ನೋಡಿ ತರಿಸುವುದು. ಆಮೇಲೆ ಚೀಲದ ಮಾತು.

ಬಿಲ್ ಕಾಗದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ರಾನ್ಸ್‌ನಲ್ಲಿ 2023ರ ಆಗಸ್ಟ್‌ನಿಂದ ಗಿರಾಕಿ ಕೇಳಿದರೆ ಮಾತ್ರ ಪ್ರಿಂಟ್ ಕೊಡುತ್ತಾರೆ. ಒಳ್ಳೆಯ ನಿಯಮ. ಆದರೆ ಕಾಗದ ಉಳಿಸುವ ಹೆಸರಿನಲ್ಲಿ ಫೋನ್ ನಂಬರ್ ಕೊಡಿ ಅಂತ ಒತ್ತಾಯ ಮಾಡುವುದು ಪರಿಸರದ ಕೆಲಸವಲ್ಲ. ನಮ್ಮ ಹುಡುಗರಿಗೆ "ಬಿಲ್ ಬೇಕಾ?" ಅಂತ ಮಾತ್ರ ಕೇಳೋಕೆ ಹೇಳಿದ್ದೇನೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯವೇ ಬದಲಾಯಿತು. ಹೆಚ್ಚಿಟ್ಟ ತರಕಾರಿಯ ಪ್ಲಾಸ್ಟಿಕ್ ಪ್ಯಾಕೆಟ್‌ಗಳನ್ನು ತೆಗೆದುಬಿಡಬೇಕು ಅಂತ ಮೀಟಿಂಗ್‌ನಲ್ಲಿ ವಾದ ಮಾಡಿದವನು ನಾನೇ. ತೆಗೆದೆವು. ಎರಡು ವಾರ ಕಳೆದ ಮೇಲೆ ಒಬ್ಬರು ನನ್ನನ್ನು ಕರೆದು ಕೈ ತೋರಿಸಿದರು. ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. "ನನಗೆ ಚಾಕು ಹಿಡಿಯೋಕಾಗಲ್ಲ ಮಗ, ಅದಿದ್ರೆ ನಾನೇ ಅಡುಗೆ ಮಾಡ್ಕೋತಿದ್ದೆ" ಅಂದರು. ನಾನು ಅದನ್ನು ಸೋಮಾರಿಗಳ ಪ್ಯಾಕೆಟ್ ಅಂದುಕೊಂಡಿದ್ದೆ. ಕೆಲವು ಪ್ಯಾಕೆಟ್‌ಗಳನ್ನು ವಾಪಸ್ ತಂದೆವು. ಅದರ ಪ್ಲಾಸ್ಟಿಕ್ ಕಡಿಮೆ ಮಾಡೋಕೆ ಸಪ್ಲೈಯರ್ ಹತ್ತಿರ ಮಾತಾಡುತ್ತಿದ್ದೇವೆ. ಅಲ್ಲಿಯ ತನಕ ಅದು ಹಾಗೇ ಇರಲಿ.

ಈಗ ಪ್ರತಿ ಕೌಂಟರ್‌ನಲ್ಲೂ ಒಂದು ನೋಟ್‌ಬುಕ್ ಇದೆ. ಚೀಲ ಇಲ್ಲದ ಕಾರಣಕ್ಕೆ ಯಾರಾದರೂ ಸಾಮಾನು ಬಿಟ್ಟು ಹೋದರೆ ಕ್ಯಾಷಿಯರ್ ಅದರಲ್ಲಿ ಒಂದು ಗೆರೆ ಎಳೆಯಬೇಕು. ಎಷ್ಟು ಕವರ್ ಉಳಿಯಿತು ಅನ್ನುವ ಲೆಕ್ಕವನ್ನು ಹೆಡ್ ಆಫೀಸ್ ಕೇಳುತ್ತದೆ, ಗೆರೆಗಳ ಲೆಕ್ಕವನ್ನು ನಾನು ಕೇಳುತ್ತೇನೆ. ಬೇಸಿಗೆಯಲ್ಲಿ ಇಡೀ ವಾರಕ್ಕೆ ಒಂದೆರಡು ಗೆರೆ ಇದ್ದವು. ಮಳೆ ಶುರುವಾದ ಮೇಲೆ ಜಾಸ್ತಿಯಾಗಿವೆ, ರಟ್ಟಿನ ಡಬ್ಬ ನೆನೆದರೆ ಬಸ್ ಸ್ಟಾಪ್ ತನಕವೂ ಬಾಳುವುದಿಲ್ಲ. ಹಿಟ್ಟು, ಅಕ್ಕಿ ಬಂದ ನೇಯ್ದ ಮೂಟೆಗಳನ್ನು ತೊಳೆದು, ಹಿಡಿ ಹೊಲಿಸಿ ಕೊಡಬಹುದಾ ಅಂತ ನೋಡುತ್ತಿದ್ದೇವೆ. ಮೊದಲ ಹತ್ತು ಹೊಲಿದು ಬಂದಿವೆ. ಸೆಕ್ಯುರಿಟಿ ಅಣ್ಣ ಒಂದರಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡು ಮಳೆಯಲ್ಲೇ ಗೇಟಿನ ತನಕ ಹೋಗಿ ಬಂದರು. ಹಿಡಿ ಇನ್ನೂ ಸ್ವಲ್ಪ ಅಗಲ ಇರಬೇಕು, ಬೆರಳಿಗೆ ಒತ್ತುತ್ತದೆ ಅಂದರು.