ಆಂಟಿಬಾಡಿ ಕೆಟ್ಟಿರಲಿಲ್ಲ

ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ಯಂತ್ರ ಫ್ಲೋ ಸೈಟೋಮೀಟರ್. ಅದರಲ್ಲಿ ನನ್ನ ಸ್ಲಾಟ್ ಮುಗಿಯುತ್ತಾ ಬಂದಿತ್ತು. ಮುಂದಿನ ಸರದಿಯವನು ರ‍್ಯಾಕ್ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದ. ಕೋಶಗಳನ್ನು ಕೆರಳಿಸುವ ಪಿಎಂಎ-ಅಯನೋಮೈಸಿನ್ ಹಾಕಿದ ಟಿ ಕೋಶಗಳಲ್ಲಿ (ರೋಗನಿರೋಧಕ ಬಿಳಿ ರಕ್ತಕಣಗಳು), ಆಂಟಿಬಾಡಿ ಅಂಟಿಸಿ ಗುರುತಿಸುವ ಸಿಡಿ62ಎಲ್ ಎಂಬ ಪೊರೆಯ ಪ್ರೋಟೀನಿನ ಪೀಕ್ ಪೂರ್ತಿ ಎಡಕ್ಕೆ ಜಾರಿ ಕೂತಿದೆ, ಅಂದರೆ ಹೊಳಪೇ ಇಲ್ಲ. ಕೋಶಗಳನ್ನು ಆರಿಸುವ ಗೆರೆ, ಅಂದರೆ ಗೇಟ್, ಎಳೆದಾಡಿದೆ, ವೋಲ್ಟೇಜ್ ಏರಿಸಿದೆ. ಕಾಂಪ್ (ಬಣ್ಣಗಳ ಬೆರಕೆ ಸರಿಪಡಿಸುವ ಕಾಂಪೆನ್ಸೇಶನ್) ಆದ ಮೇಲೆ ವೋಲ್ಟೇಜ್ ಮುಟ್ಟಬೇಡಿ ಅಂತ ಹೊಸಬರಿಗೆ ಗದರುವವನು ನಾನೇ!

ಮ್ಯಾನೇಜರ್ ಪ್ಲಾಟಿನ ಫೋಟೊ ನೋಡಿಯೇ ತೀರ್ಪು ಕೊಟ್ಟರು: ಆಂಟಿಬಾಡಿ ಹೋಗಿದೆ, ಹೊಸ ಲಾಟ್ ತರಿಸಿ. ಆರ್ಡರ್ ಫಾರ್ಮ್ ತುಂಬುವಾಗ ತಲೆಗೆ ಹೊಳೆಯಿತು. ಅದೇ ವಯಲ್‌ನಿಂದ ಹಾಕಿದ ಕಾಂಪ್ ಬೀಡ್ಸ್ (ಆಂಟಿಬಾಡಿ ಹಿಡಿಯುವ ಪುಟ್ಟ ಮಣಿಗಳು) ಝಗಝಗ ಹೊಳೆದಿದ್ದವು. ಸ್ಟಿಮ್ಯುಲೇಟ್ ಮಾಡದ ಟ್ಯೂಬಿನಲ್ಲಿ ಪೀಕ್ ಜಾಗದಲ್ಲೇ ಇತ್ತು. ಸತ್ತ ಆಂಟಿಬಾಡಿ ಟ್ಯೂಬ್ ನೋಡಿ ಬದುಕುತ್ತದೆಯೇ?

ನಡೆದದ್ದು ಇಷ್ಟು. ಟಿ ಕೋಶ ಸಕ್ರಿಯವಾದೊಡನೆ ಪೊರೆಯಲ್ಲಿರುವ ಎಡಿಎಎಂ17 ಎಂಬ ಕಿಣ್ವ ಸಿಡಿ62ಎಲ್ ಅನ್ನು ಪೊರೆಯ ಹತ್ತಿರವೇ ಕತ್ತರಿಸಿ ಹೊರಗೆ ಬಿಡುತ್ತದೆ. ಪಿಎಂಎ ಹಾಕಿದರೆ ಇದಕ್ಕೆ ಕೆಲವೇ ನಿಮಿಷ ಸಾಕು. ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ಪ್ರೋಟೀನನ್ನು ಪೊರೆಯಿಂದ ಬಿಡಿಸುವುದೂ ಇದೇ ಕಿಣ್ವ. ಮುಂದಿನ ರನ್‌ನಲ್ಲಿ ಪಿಎಂಎಗೆ ಮೊದಲು ಈ ಕಿಣ್ವವನ್ನು ತಡೆಯುವ ಟಿಎಪಿಐ-1 ಹಾಕಿದೆ. ಕೋಶ ಸಕ್ರಿಯವಾದದ್ದರ ಗುರುತಾದ ಸಿಡಿ69 ಎಂದಿನಂತೆ ಏರಿತು, ಸಿಡಿ62ಎಲ್ ಅಲ್ಲಾಡಲಿಲ್ಲ. ಟಿಎಪಿಐ-1 ಇದೇ ಜಾತಿಯ ಬೇರೆ ಕತ್ತರಿ ಕಿಣ್ವಗಳಾದ ಮೆಟಲೋಪ್ರೋಟಿಯೇಸ್‌ಗಳನ್ನೂ ತಡೆಯುತ್ತದೆ, ಹಾಗಾಗಿ ಎಡಿಎಎಂ17 ಮೇಲೆ ಇದೊಂದರಿಂದಲೇ ಆರೋಪ ಹೊರಿಸಲಾಗದು. ಆದರೆ ಆಂಟಿಬಾಡಿಯಂತೂ ನಿರಪರಾಧಿ. ಕೋಶಗಳ ಮೇಲೆ ಉಳಿದ, ಚೆಲ್ಲಬೇಕಿದ್ದ ದ್ರವ, ಅಂದರೆ ಸೂಪರ್‌ನೇಟೆಂಟ್‌ಗೆ ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆ ಮಾಡಿದರೆ ಕತ್ತರಿಸಿದ ತುಂಡುಗಳು ಅಲ್ಲೇ ಸಿಕ್ಕವು.

ಕೋಶದ ಒಳಗೂ ಇದೇ ಕತ್ತರಿ ಕೆಲಸ. ಟಿ ಕೋಶದ ಗ್ರಾಹಕದಿಂದ ಸಂಕೇತ ಬಂದರೆ ಎಂಎಎಲ್‌ಟಿ1 ಎಂಬ ಕಿಣ್ವ ಎಚ್ಚೆತ್ತು, ಸಕ್ರಿಯತೆ ತಡೆಯುವ ಎ20, ರೆಗ್ನೇಸ್-1 ಥರದ ಬ್ರೇಕ್‌ಗಳನ್ನೇ ಕತ್ತರಿಸುತ್ತದೆ. ಅದು ಕತ್ತರಿಸುತ್ತದೆ ಎಂದು ತಿಳಿದದ್ದೇ 2008ರಲ್ಲಿ. ಕ್ಯಾಸ್ಪೇಸ್‌ಗಳ (ಕೋಶದ ಸಾವಿಗೆ ಹೆಸರಾದ ಕಿಣ್ವಗಳು) ನೆಂಟನಾದರೂ ಅವುಗಳಂತೆ ಆಸ್ಪಾರ್ಟೇಟ್ ಬಿಟ್ಟು ಆರ್ಜಿನಿನ್ ಎಂಬ ಅಮೈನೋ ಆಮ್ಲ ಆದ ಮೇಲೆ ಕತ್ತರಿ ಹಾಕುತ್ತದೆ. ಹಾಗಾಗಿ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ವೆಸ್ಟರ್ನ್‌ನಲ್ಲಿ ಚಿಕ್ಕ ಬ್ಯಾಂಡ್ ಕಂಡ ತಕ್ಷಣ ‘ಡಿಗ್ರೇಡೇಶನ್’ (ಪ್ರೋಟೀನ್ ಹಾಳಾಗಿದೆ) ಅಂತ ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ಈಗ ನನಗೆ ರೇಗುತ್ತದೆ.

ಸ್ಟಿಮ್ಯುಲೇಟ್ ಮಾಡಿದ ಅಥವಾ ಫ್ರೀಜರ್‌ನಿಂದ ತೆಗೆದು ಕರಗಿಸಿದ ಸ್ಯಾಂಪಲ್‌ಗಳಲ್ಲಿ ಸಿಡಿ62ಎಲ್ ನಂಬಿ ಮೆಮೊರಿ ಕೋಶ ವಿಂಗಡಿಸಬೇಡಿ, ಸಿಸಿಆರ್7 ಎಂಬ ಇನ್ನೊಂದು ಗುರುತನ್ನೂ ಜೊತೆಗಿಡಿ ಎಂದು ಲ್ಯಾಬಿನ ಕಾರ್ಯವಿಧಾನದ ಕಡತ ಎಸ್‌ಒಪಿಗೆ ತಿದ್ದುಪಡಿ ಕಳಿಸಿದ್ದೇನೆ. ಅದು ಸಹಿಗಾಗಿ ಇನ್ನೂ ಮೇಜಿನಿಂದ ಮೇಜಿಗೆ ಅಲೆಯುತ್ತಿದೆ. ಹೊಸ ಲಾಟ್ ಮಾತ್ರ ಬಂದು ಫ್ರಿಡ್ಜ್‌ನಲ್ಲಿ ಕೂತಿದೆ.